ನೋವು ಬಲಗಡೆ, ಕೋಲು ಎಡಗೈಗೆ

ಮೊದಲ ದಿನ ಆ ಮನೆಗೆ ಹೋದಾಗ ಅಮ್ಮ ಹಿತ್ತಿಲ ನಲ್ಲಿಯಿಂದ ನೀರು ತರುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಎಡ ಸೊಂಟದ ಮೇಲೆ ಸ್ಟೀಲಿನ ಬಿಂದಿಗೆ, ಬಲಗೈಯಲ್ಲಿ ಕೋಲು. ಬಲಗಾಲು ಊರಿದಾಗಲೆಲ್ಲ ಮೈ ಪೂರ್ತಿ ಬಲಕ್ಕೆ ವಾಲುತ್ತಿತ್ತು. ಹತ್ತು ಹೆಜ್ಜೆ ನೋಡುವಷ್ಟರಲ್ಲಿ ಅರ್ಧ ವಿಷಯ ತಿಳಿಯಿತು. ನೋವು ಇರುವುದು ಬಲ ಸೊಂಟದ ಕೀಲಿನಲ್ಲಿ. ಆ ಕೀಲಿಗೆ ಭಾರ ಬೀಳದಿರಲಿ ಅಂತ ಅವರು ಎರಡು ಉಪಾಯ ಮಾಡಿಕೊಂಡಿದ್ದರು. ಎರಡೂ ಅದೇ ಕೀಲಿನ ಹೊರೆಯನ್ನು ಜಾಸ್ತಿ ಮಾಡುತ್ತಿದ್ದವು.

ನಾನು ಮನೆಗಳಿಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಇದು ತುಮಕೂರು ಕಡೆಯ ಒಂದು ಹಳ್ಳಿಯ ಪ್ರಕರಣ. ಹೆಸರು ಬೇಡ, ಅಮ್ಮ ಅಂತಲೇ ಬರೆಯುತ್ತೇನೆ. ವಯಸ್ಸು 64, ತೂಕ 60 ಕೆಜಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದವರು. ವರ್ಷಗಟ್ಟಲೆ ಸಾರಿನ ಡಬರಿ ಇಳಿಸಿ, ಅನ್ನದ ಪಾತ್ರೆ ಎಳೆದ ಮೈ ಅದು. ಯಜಮಾನರು ತೀರಿಕೊಂಡು ಮೂರು ವರ್ಷ. ಮಗ, ಸೊಸೆ, ಒಬ್ಬ ಮೊಮ್ಮಗ ಜೊತೆಗಿದ್ದಾರೆ.

ನೋವು ಶುರುವಾದದ್ದು ಎರಡು ವರ್ಷದ ಹಿಂದೆ. ಮೊದಮೊದಲು ಮಂಡಿ ನೋಯುತ್ತಿತ್ತಂತೆ. ಎಂಟು ತಿಂಗಳು ಮಂಡಿಗೇ ಎಣ್ಣೆ, ಮಂಡಿಗೇ ಮಾತ್ರೆ, ಮಂಡಿಗೇ ಪಟ್ಟಿ. ಸೊಂಟದ ಕೀಲಿನ ನೋವು ಎಷ್ಟೋ ಸಲ ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ, ಎರಡು ಕೀಲಿಗೂ ಹೋಗುವ ನರಗಳು ಒಂದೇ ಆಗಿರುವುದರಿಂದ. ಇನ್ನೊಂದು ತೊಡಕು ನಮ್ಮ ಮಾತಿನದ್ದು. 'ಸೊಂಟ ನೋವು' ಅಂದರೆ ಎಲ್ಲರೂ ಬೆನ್ನಿನ ಕೆಳಭಾಗ ಅಂತಲೇ ತಿಳಿಯುತ್ತಾರೆ. ಆದರೆ ತೊಡೆಮೂಳೆಯ ಗುಂಡು ತಲೆ ಸೊಂಟದ ಮೂಳೆಯ ಬಟ್ಟಲಲ್ಲಿ ಕೂರುವ ಜಾಗ ಇದೆಯಲ್ಲ, ಆ ಕೀಲು ಕೆಟ್ಟರೆ ನೋವು ಬರುವುದು ತೊಡೆಸಂದಿಯಲ್ಲಿ. ಅಮ್ಮನನ್ನು "ನೋವು ಎಲ್ಲಿ, ಕೈಯಿಟ್ಟು ತೋರಿಸಿ" ಅಂದೆ. ನೇರ ತೊಡೆಸಂದಿಗೆ ಕೈ ಇಟ್ಟರು. ಬಲಗಾಲಿನ ಉಗುರು ಕತ್ತರಿಸಲು ಆಗುತ್ತಿರಲಿಲ್ಲ. ಮಲಗಿಸಿ ಕಾಲನ್ನು ಒಳಕ್ಕೆ ತಿರುಗಿಸಿದರೆ ಸ್ವಲ್ಪದಲ್ಲೇ ಬಿಗಿಯುತ್ತಿತ್ತು. ಎಕ್ಸ್‌ರೇಯಲ್ಲಿ ಕೀಲಿನ ನಡುವಿನ ಸಂದು ಕಿರಿದಾಗಿತ್ತು. ಸವೆತ ಅಂತ ವೈದ್ಯರು ಹೇಳಿದ್ದರು. ಮುಂದೆ ಕೀಲು ಬದಲಾಯಿಸಬೇಕಾಗಬಹುದು, ಈಗಲೇ ಬೇಕಂತಿಲ್ಲ ಅಂತಲೂ ಹೇಳಿದ್ದರು. ಅಮ್ಮ ಒಂದು ವರ್ಷ ಸಮಯ ಕೇಳಿಕೊಂಡು ಬಂದಿದ್ದರು. ನನ್ನ ಕೆಲಸ ಆ ಒಂದು ವರ್ಷದ್ದು.

ಕೊನೆಯ ಪರೀಕ್ಷೆಗೆ ಗೋಡೆ ಹಿಡಿದು ಬಲಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿದೆ. ಎಡಭಾಗದ ಸೊಂಟ ಮೆಲ್ಲಗೆ ಕೆಳಗೆ ಜಾರಿತು. ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ಬರೆದಿಟ್ಟ ಲಕ್ಷಣ ಇದು. ಬಲಗಾಲ ಮೇಲೆ ನಿಂತಾಗ ಎಡಭಾಗ ಬಿದ್ದರೆ, ಸೋತಿರುವುದು ಬಲಭಾಗದ ಸ್ನಾಯು. ಇದು ಯಾಕೆ ಅಂತ ಗೊತ್ತಾದರೆ ಕೋಲು ಯಾವ ಕೈಗೆ ಅನ್ನುವುದೂ ಗೊತ್ತಾಗುತ್ತದೆ.

ಬೀಸೋ ಕಲ್ಲಿನ ಗೂಟ

ಟಾರ್ಕ್ ಅನ್ನುವ ಮಾತನ್ನು ಅಮ್ಮನಿಗೆ ನಾನು ಹೇಳಲಿಲ್ಲ. "ರಾಗಿ ಬೀಸೋ ಕಲ್ಲಿನ ಗೂಟ ಎಲ್ಲಿರುತ್ತಮ್ಮಾ?" ಅಂತ ಕೇಳಿದೆ.

"ಅಂಚಿಗೆ. ನಡುಕ್ಕಿಟ್ರೆ ತಿರುಗಿಸೋಕಾಯ್ತದೇನಮ್ಮ?"

ಅಷ್ಟೇ ವಿಷಯ. ಒಂದು ಬಲ ಎಷ್ಟು ತಿರುಗಿಸುತ್ತದೆ ಅನ್ನುವುದು ಬಲ ಎಷ್ಟಿದೆ ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ. ತಿರುಗುವ ಜಾಗದಿಂದ ಎಷ್ಟು ದೂರದಲ್ಲಿ ಹಾಕುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಎರಡನ್ನೂ ಗುಣಿಸಿದರೆ ಬರುವುದೇ ಟಾರ್ಕ್. ದೂರ ಇದ್ದರೆ ಸ್ವಲ್ಪ ಬಲ ಸಾಕು. ಹತ್ತಿರ ಇದ್ದರೆ ಜಾಸ್ತಿ ಬೇಕು.

ಈಗ ಬಲಗಾಲ ಮೇಲೆ ನಿಂತ ಅಮ್ಮನನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಸ್ವಲ್ಪ ಹೊತ್ತು ನಾವೆಲ್ಲ ಒಂಟಿಕಾಲಲ್ಲೇ ಇರುತ್ತೇವೆ. ಆಗ ಬಲ ಕೀಲಿನ ಮೇಲೆ ಕೂತಿರುವ ಭಾರ ಎಷ್ಟು? ಒಂದು ಕಾಲಿನ ತೂಕ ಮೈತೂಕದ ಸುಮಾರು ಆರನೇ ಒಂದು ಭಾಗ. 60 ಕೆಜಿಯಲ್ಲಿ 10 ಕೆಜಿ ನೆಲಕ್ಕೆ ಊರಿದ ಕಾಲಿನದ್ದು, ಅದು ಕೀಲಿನ ಕೆಳಗಿದೆ. ಉಳಿದ 50 ಕೆಜಿ ಕೀಲಿನ ಮೇಲಿದೆ. ಆದರೆ ಆ 50 ಕೆಜಿ ಕೀಲಿನ ನೇರಕ್ಕೆ ಇಲ್ಲ. ಅದು ಮೈಯ ನಡುವಿನಲ್ಲಿದೆ, ಕೀಲಿನಿಂದ ಸುಮಾರು 10 ಸೆಂ.ಮೀ. ಎಡಕ್ಕೆ. ಹಾಗಾಗಿ ಸೊಂಟವನ್ನು ಎಡಕ್ಕೆ ಬೀಳಿಸಲು ನೋಡುತ್ತದೆ. 50ನ್ನು 10ರಿಂದ ಗುಣಿಸಿದರೆ 500. (ಪುಸ್ತಕದಲ್ಲಿ ನ್ಯೂಟನ್ ಮತ್ತು ಮೀಟರಿನಲ್ಲಿ ಬರೆಯುತ್ತಾರೆ. ನಾನು ಕೆಜಿ ಮತ್ತು ಸೆಂ.ಮೀ.ನಲ್ಲೇ ಹೇಳುತ್ತೇನೆ, ತಕ್ಕಡಿ ನೋಡಿದವರಿಗೆ ಸುಲಭ.)

ಬೀಳದ ಹಾಗೆ ಹಿಡಿಯುವುದು ಸೊಂಟದ ಹೊರಬದಿಯ ಸ್ನಾಯುಗಳು. ಗ್ಲೂಟಿಯಸ್ ಮೀಡಿಯಸ್ ಅನ್ನುವುದು ಅದರಲ್ಲಿ ಮುಖ್ಯವಾದದ್ದು. ಪ್ಯಾಂಟಿನ ಪಕ್ಕದ ಜೇಬಿನ ಮೇಲ್ಭಾಗದಲ್ಲಿ ಕೈಯಿಟ್ಟು ಒಂಟಿಕಾಲಲ್ಲಿ ನಿಂತರೆ ಗಟ್ಟಿಯಾಗುವುದು ಕೈಗೇ ಸಿಗುತ್ತದೆ. ಅದು ಕೀಲಿನಿಂದ ಬರೀ 5 ಸೆಂ.ಮೀ. ದೂರದಲ್ಲಿ ಎಳೆಯುತ್ತದೆ. 500ನ್ನು ಸರಿದೂಗಿಸಲು ಅದು 100 ಕೆಜಿ ಬಲದಿಂದ ಎಳೆಯಬೇಕು. ಗೂಟ ನಡುವಿನ ಹತ್ತಿರ ಇದ್ದ ಹಾಗೆ.

ಇನ್ನು ಕೀಲಿನ ಗತಿ ನೋಡಿ. ಮೇಲಿಂದ 50 ಕೆಜಿ ಮೈ ಒತ್ತುತ್ತದೆ. ಸ್ನಾಯುವೂ ಸೊಂಟವನ್ನು ಕೆಳಕ್ಕೇ ಎಳೆಯುತ್ತದೆ, 100 ಕೆಜಿ. ಎರಡೂ ಸೇರಿ 150 ಕೆಜಿ. ಮೈತೂಕದ ಎರಡೂವರೆ ಪಟ್ಟು. ಸುಮ್ನೆ ಒಂದು ಕಾಲಲ್ಲಿ ನಿಂತರೆ!

ಸ್ನಾಯುಗಳು ನಾವು ಹೊರುವ ಭಾರಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಲ ಹಾಕಬೇಕಾಗುತ್ತದೆ ಎಂದು 17ನೇ ಶತಮಾನದಲ್ಲೇ ಇಟಲಿಯ ಬೊರೆಲ್ಲಿ ಲೆಕ್ಕ ಹಾಕಿ ತೋರಿಸಿದ್ದ. ಸೊಂಟದ ಕೀಲಿಗೆ ಈ ತಕ್ಕಡಿ ಲೆಕ್ಕವನ್ನು 1930ರ ದಶಕದಲ್ಲಿ ಜರ್ಮನಿಯ ಮೂಳೆ ವೈದ್ಯ ಪೌವೆಲ್ಸ್ ವಿವರವಾಗಿ ಮಾಡಿದರು. ಆಮೇಲೆ ಬರ್ಲಿನ್‌ನಲ್ಲಿ ಬರ್ಗ್‌ಮನ್ ಅವರ ತಂಡ ಕೃತಕ ಕೀಲಿನೊಳಗೇ ಅಳೆಯುವ ಸಾಧನ ಇಟ್ಟು, ರೋಗಿಗಳನ್ನು ನಡೆಸಿ ನೋಡಿತು. ಸಾಮಾನ್ಯ ನಡಿಗೆಯಲ್ಲಿ ಸಿಕ್ಕಿದ್ದು ಮೈತೂಕದ ಸುಮಾರು 2.4 ಪಟ್ಟು. ನನ್ನ ಲೆಕ್ಕ ತುಂಬ ಸರಳ ಮಾಡಿದ್ದು. ಎಲ್ಲ ಬಲಗಳೂ ನೇರ ಮೇಲೆ ಕೆಳಗೆ ಅಂತ ಹಿಡಿದಿದ್ದೇನೆ, ದೂರಗಳೂ ಒಬ್ಬೊಬ್ಬರಿಗೆ ಬೇರೆ. ಆದರೂ ಅಳತೆಯ ಪಕ್ಕದಲ್ಲೇ ಬಂದು ನಿಲ್ಲುತ್ತದೆ.

ಕೋಲು ಯಾವ ಕೈಗೆ?

ಅಮ್ಮ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆಯೇ. "ನೋವಿರೋ ಕಡೆ ಅಲ್ವೇನಮ್ಮ ಆಸರೆ ಬೇಕು? ನೀನು ಉಲ್ಟಾ ಹೇಳ್ತೀಯಲ್ಲ."

ಕೋಲು ಎಡಗೈಯಲ್ಲಿದೆ ಅಂದುಕೊಳ್ಳೋಣ. ಬಲ ಕೀಲಿನಿಂದ ಅದು ಸುಮಾರು 40 ಸೆಂ.ಮೀ. ದೂರ. ಅಮ್ಮ ಅದನ್ನು 5 ಕೆಜಿಯಷ್ಟು ಒತ್ತುತ್ತಾರೆ. ನೆಲ 5 ಕೆಜಿಯಷ್ಟು ತಿರುಗಿ ಮೇಲಕ್ಕೆ ತಳ್ಳುತ್ತದೆ. 5ನ್ನು 40ರಿಂದ ಗುಣಿಸಿದರೆ 200. ಎಡಕ್ಕೆ ಬೀಳುತ್ತಿದ್ದ ಮೈಯನ್ನು ಎಡಗಡೆಯಿಂದಲೇ ಎತ್ತಿ ಹಿಡಿದ ಹಾಗೆ. 500ರಲ್ಲಿ 200 ಹೋದರೆ ಸ್ನಾಯುವಿಗೆ ಉಳಿದದ್ದು 300. ಐದರಿಂದ ಭಾಗಿಸಿ: 60 ಕೆಜಿ ಎಳೆದರೆ ಸಾಕು. ಕೀಲಿನ ಮೇಲೆ 60 ಮತ್ತು 50, ಅದರಲ್ಲಿ ಕೋಲು ಹೊತ್ತ 5 ಕಳೆದರೆ 105 ಕೆಜಿ. ಮೊದಲು ಇದ್ದದ್ದು 150.

ಕೈ ಒತ್ತಿದ್ದು 5 ಕೆಜಿ. ಕೀಲಿಗೆ ಇಳಿದದ್ದು 45 ಕೆಜಿ.

ಈಗ ಅದೇ ಕೋಲು ಬಲಗೈಗೆ ಬರಲಿ, ಅಮ್ಮ ಹಿಡಿದಿದ್ದ ಹಾಗೆ. ಬಲ ಕೀಲಿನಿಂದ 15 ಸೆಂ.ಮೀ. ಹೊರಗೆ. ನೆಲದ ತಳ್ಳು ಈಗ ಬಲಗಡೆಯನ್ನು ಮೇಲೆತ್ತುತ್ತದೆ. ಬಲ ಮೇಲೆದ್ದರೆ ಎಡ ಕೆಳಗೆ. ಅಂದರೆ ಮೈಭಾರ ಯಾವ ಕಡೆ ಬೀಳಿಸುತ್ತಿತ್ತೋ ಅದೇ ಕಡೆಗೆ ಕೋಲೂ ಸೇರಿಕೊಂಡಿತು. 500ಕ್ಕೆ 75 ಕೂಡಿತು. ಸ್ನಾಯು 115 ಕೆಜಿ ಎಳೆಯಬೇಕು, ಕೀಲಿಗೆ 160. ಕೋಲೇ ಇಲ್ಲದಿದ್ದಾಗ ಇದ್ದದ್ದಕ್ಕಿಂತ 10 ಕೆಜಿ ಜಾಸ್ತಿ.

ಅಮೆರಿಕದ ಮೂಳೆ ವೈದ್ಯ ಬ್ಲೌಂಟ್ 1956ರಲ್ಲೇ, ಕೋಲನ್ನು ಕಡೆಗಣಿಸಬೇಡಿ ಎಂದು ತಮ್ಮ ವೃತ್ತಿಯವರಿಗೆ ಲೇಖನ ಬರೆದು ಹೇಳಿದ್ದರು. ಇಷ್ಟು ವರ್ಷದ ಮೇಲೂ ನಾನು ಹೋದ ಮನೆಗಳಲ್ಲಿ ಅರ್ಧಕ್ಕರ್ಧ ಜನ ನೋವಿನ ಕಡೆಯೇ ಕೋಲು ಹಿಡಿದಿರುತ್ತಾರೆ. ಕೋಲು ಕೊಡಿಸುತ್ತಾರೆ, ಹಿಡಿಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಎರಡು ನಿಮಿಷದ ಮಾತು ಅದು.

ಹಾಗಾದರೆ ಬಲಗೈ ಕೋಲಿನಿಂದ ಅಮ್ಮನಿಗೆ ಇಷ್ಟು ದಿನ ಆರಾಮ ಅನ್ನಿಸಿದ್ದು ಸುಳ್ಳೇ? ಸುಳ್ಳಲ್ಲ. ಆರಾಮ ಬಂದದ್ದು ವಾಲುವುದರಿಂದ. ಬಲಗೈಯಲ್ಲಿ ಕೋಲು ಇದ್ದರೆ ಅದರ ಮೇಲೆ ಧೈರ್ಯವಾಗಿ ಬಲಕ್ಕೆ ವಾಲಬಹುದು. ಮೈ ಬಲಕ್ಕೆ ವಾಲಿದರೆ ಆ 50 ಕೆಜಿ ಕೀಲಿನ ಹತ್ತಿರ ಬರುತ್ತದೆ. 10 ಸೆಂ.ಮೀ. ಇದ್ದ ದೂರ 5 ಆದರೆ ಸ್ನಾಯುವಿಗೆ 50 ಕೆಜಿ, ಕೀಲಿಗೆ 100 ಕೆಜಿ ಅಷ್ಟೇ. ಯಾರೂ ಕಲಿಸದೆ ಅಮ್ಮನ ಮೈ ಈ ಲೆಕ್ಕ ಮಾಡಿಕೊಂಡಿತ್ತು. ಕುಂಟುವುದನ್ನು ನಾವು ಕೆಟ್ಟ ಅಭ್ಯಾಸ ಅಂತ ಬೈಯುತ್ತೇವೆ. ನಾನು ಬೈಯುವುದಿಲ್ಲ. ಕೀಲನ್ನು ಉಳಿಸಿಕೊಳ್ಳಲು ಮೈಗೆ ಗೊತ್ತಿರುವ ದಾರಿ ಅದು.

ಆದರೆ ಅದಕ್ಕೆ ಬೆಲೆ ತೆರಬೇಕು. ನಡೆಯುವಾಗ ಮೈ ಒಂದು ತಲೆಕೆಳಗಾದ ಲೋಲಕದ ಹಾಗೆ. ಕಾಲು ಊರಿ ಅದರ ಮೇಲೆ ಹಾಯುವಾಗ ಮೈ ಕೆಲವು ಸೆಂಟಿಮೀಟರ್ ಮೇಲೇರಿ ಇಳಿಯುತ್ತದೆ. ಏರುವಾಗ ವೇಗ ಎತ್ತರವಾಗುತ್ತದೆ, ಇಳಿಯುವಾಗ ಎತ್ತರ ವೇಗವಾಗುತ್ತದೆ. ಹದವಾದ ವೇಗದ ನಡಿಗೆಯಲ್ಲಿ ಬೇಕಾದ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಹೀಗೆ ಮರಳಿ ಸಿಗುತ್ತದೆ ಎಂದು ಇಟಲಿಯ ಕವಾನ್ಯಾ ಮತ್ತು ಜೊತೆಗಾರರು 1970ರ ದಶಕದಲ್ಲಿ ಅಳೆದು ತೋರಿಸಿದರು. ತುಂಬ ನಿಧಾನವಾದರೆ, ಪ್ರತಿ ಹೆಜ್ಜೆಗೂ ಮೈಯನ್ನು ಬಲಕ್ಕೆ ಎಸೆದು ಎಡಕ್ಕೆ ಎಳೆದುಕೊಂಡರೆ, ಈ ಉಳಿತಾಯ ಕೈತಪ್ಪುತ್ತದೆ. ಅಮ್ಮ ಡೇರಿಗೆ ಹೋಗಿ ಬಂದರೆ ಅರ್ಧ ದಿನ ಮಲಗುತ್ತಿದ್ದರು. ಬೆನ್ನೂ ನೋಯಲು ಶುರುವಾಗಿತ್ತು.

ಜಾಸ್ತಿ ಭಯ ಇದ್ದದ್ದು ಬೀಳುವುದರದ್ದು. ಮೈಯ ಗುರುತ್ವ ಕೇಂದ್ರದಿಂದ ನೇರ ಕೆಳಗೆ ಒಂದು ಗೆರೆ ಎಳೆದರೆ ಅದು ನಾವು ಊರಿರುವ ಜಾಗದೊಳಗೆ ಬೀಳಬೇಕು. ಒಂಟಿಕಾಲಲ್ಲಿ ಆ ಜಾಗ ಒಂದು ಪಾದದಷ್ಟು ಮಾತ್ರ. ಬಲಕ್ಕೆ ವಾಲಿದಾಗ ಗೆರೆ ಪಾದದ ಹೊರ ಅಂಚಿಗೆ ಬರುತ್ತದೆ. ಅಲ್ಲಿ ಕೋಲಿನ ತುದಿ ಜಾರಿದರೆ ಹಿಡಿಯುವವರು ಯಾರೂ ಇಲ್ಲ. ಅಮ್ಮನ ಕೋಲಿನ ತುದಿಗೆ ರಬ್ಬರ್ ಬುಷ್ ಇರಲೇ ಇಲ್ಲ, ಬರೀ ಮರ. ಬಚ್ಚಲು ಮನೆಗೆ ನುಣುಪು ಟೈಲ್ಸ್. ಎಡಗೈಯಲ್ಲಿ ಹಿಡಿದರೆ ಬಲ ಪಾದ ಮತ್ತು ಕೋಲಿನ ನಡುವೆ ಅಗಲವಾದ ಜಾಗ ಸಿಗುತ್ತದೆ, ಮೈಭಾರದ ಗೆರೆ ಅವೆರಡರ ನಡುವೆ ನೆಮ್ಮದಿಯಾಗಿ ಬೀಳುತ್ತದೆ.

ಎಡವುವುದನ್ನೂ ಸಣ್ಣದು ಅಂದುಕೊಳ್ಳಬಾರದು. ಬರ್ಲಿನ್‌ನ ಅಳತೆಗಳಲ್ಲಿ ಎಡವಿ, ಬೀಳದೆ ಸಾವರಿಸಿಕೊಂಡ ಕ್ಷಣದಲ್ಲಿ ಕೀಲಿನ ಹೊರೆ ಮೈತೂಕದ 7 ಪಟ್ಟಿಗೂ ಮೀರಿ ಹೋದದ್ದು ದಾಖಲಾಗಿದೆ. ಬೀಳಲಿಲ್ಲ ಅಂತ ಸಮಾಧಾನಪಟ್ಟರೂ ಕೀಲು ಪೆಟ್ಟು ತಿಂದಿರುತ್ತದೆ. ಮೊದಲ ದಿನವೇ ನಾನು ಬಚ್ಚಲಿಗೆ ಒರಟು ಮ್ಯಾಟ್ ಹಾಕಿಸಿ, ಬಾಗಿಲ ಬಳಿ ಇದ್ದ ಹಳೇ ಗೋಣಿತಾಟು ತೆಗೆಸಿದ್ದು ಇದಕ್ಕೇ.

ಬಿಂದಿಗೆ

ಕೋಲಿನ ವಿಷಯ ಪುಸ್ತಕದಲ್ಲಿ ಓದಿದ್ದೆ. ಬಿಂದಿಗೆಯ ಲೆಕ್ಕವನ್ನು ಅಮ್ಮನ ಹಿತ್ತಿಲಲ್ಲಿ ಕೂತು ಮಾಡಿದೆ.

ಜೀವನಪೂರ್ತಿ ಬಲ ಸೊಂಟದ ಮೇಲೆ ಬಿಂದಿಗೆ ಹೊತ್ತವರು ಅವರು. ನೋವು ಬಂದ ಮೇಲೆ ಎಡಕ್ಕೆ ಬದಲಾಯಿಸಿಕೊಂಡರು. ನಾವೂ ಹಾಗೇ ಮಾಡುತ್ತಿದ್ದೆವು, ಅಲ್ವಾ? ನೋವಿರುವ ಕಡೆ ಭಾರ ಬೇಡ ಅಂತ. ಬಿಂದಿಗೆಯೂ ನೀರೂ ಸೇರಿ 12 ಕೆಜಿ. ಎಡ ಸೊಂಟದ ಮೇಲೆ ಇದ್ದರೆ ಬಲ ಕೀಲಿನಿಂದ 30 ಸೆಂ.ಮೀ. ದೂರ. 360. ಅದಕ್ಕೆ ಮೈಯ 500 ಕೂಡಿದರೆ 860. ಸ್ನಾಯುವಿಗೆ 172 ಕೆಜಿ, ಕೀಲಿಗೆ 234. ಅದೇ ಬಿಂದಿಗೆ ಬಲ ಸೊಂಟದ ಮೇಲೆ ಕೂತರೆ ಕೀಲಿನ ಹೊರಬದಿಗೆ ಸುಮಾರು 10 ಸೆಂ.ಮೀ. ಆಗ ಅದು ತಕ್ಕಡಿಯ ಇನ್ನೊಂದು ತಟ್ಟೆಗೆ ಹೋಗುತ್ತದೆ. 500ರಲ್ಲಿ 120 ಕಳೆದು 380. ಕೀಲಿಗೆ ಬೀಳುವುದು 138. ಬಿಂದಿಗೆ ಇಲ್ಲದೆ ನಡೆದರೆ 150 ಅಲ್ವಾ, ಅದಕ್ಕಿಂತಲೂ ಕಡಿಮೆ!

ನಾನು ಎರಡು ಸಲ ಲೆಕ್ಕ ತಿದ್ದಿ ನೋಡಿದೆ. ಸರಿಯಾಗಿಯೇ ಇತ್ತು. ನಿಜಜೀವನದಲ್ಲಿ ಬಿಂದಿಗೆ ಎಡಕ್ಕಿದ್ದರೆ ಮೈ ಬಲಕ್ಕೆ ವಾಲುತ್ತದೆ, ಬಲಕ್ಕಿದ್ದರೆ ಎಡಕ್ಕೆ. ಹಾಗಾಗಿ ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ. ಆದರೂ ತೂಕ ನೋವಿನ ಕಡೆಯ ಕೈಯಲ್ಲಿರಲಿ, ಕೋಲು ಇನ್ನೊಂದು ಕೈಯಲ್ಲಿರಲಿ ಅನ್ನುವುದು ಬದಲಾಗುವುದಿಲ್ಲ.

ತಲೆಯ ಮೇಲೆ ಹೊತ್ತರೆ? ಭಾರ ಮೈಯ ನಡುವಿಗೇ ಬರುತ್ತದೆ, ಕೀಲಿಗೆ 186 ಕೆಜಿ. ಎಡ ಸೊಂಟಕ್ಕಿಂತ ಎಷ್ಟೋ ವಾಸಿ. ಕೆನ್ಯಾದ ಲುವೋ ಮತ್ತು ಕಿಕುಯು ಹೆಂಗಸರು ತಮ್ಮ ತೂಕದ ಐದನೇ ಒಂದು ಭಾಗದವರೆಗೆ ಹೊತ್ತು, ಖಾಲಿ ನಡೆದಷ್ಟೇ ಶಕ್ತಿ ಖರ್ಚಿನಲ್ಲಿ ನಡೆಯುತ್ತಾರೆ ಎಂದು 1986ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದರು. ಓದಿದಾಗಲೆಲ್ಲ ನನಗೆ ನಮ್ಮೂರ ಬಾವಿಕಟ್ಟೆ ನೆನಪಾಗುತ್ತದೆ. ಅಮ್ಮನಿಗೆ ತಲೆಹೊರೆ ಹೇಳಲಿಲ್ಲ. ಸಿಂಬಿ ಸುತ್ತಿ ಬಿಂದಿಗೆ ಎತ್ತಿಕೊಳ್ಳಲು ಬಗ್ಗಬೇಕು, ಆ ಬಗ್ಗುವಿಕೆಯೇ ಆಗುತ್ತಿರಲಿಲ್ಲ.

ಬಿಂದಿಗೆಯನ್ನು ಬಲಕ್ಕೆ ಹೊರಿ ಅಂತಲೂ ಹೇಳಲಿಲ್ಲ. 12 ಕೆಜಿ ಎತ್ತಿ ಸೊಂಟಕ್ಕೆ ಏರಿಸುವ ಹೊತ್ತಿನ ತಿರುಚು ಬೇರೆಯೇ ತೊಂದರೆ. ಒಂದು ಸಣ್ಣ ಪ್ಲಾಸ್ಟಿಕ್ ಬಕೆಟ್, ನಾಲ್ಕು ಲೀಟರ್ ನೀರು, ಬಲಗೈಯಲ್ಲಿ. ಎಡಗೈಯಲ್ಲಿ ಕೋಲು. ನಾಲ್ಕು ಸಲ ಓಡಾಡಬೇಕು ಅಂತ ಗೊಣಗಿದರು. ದೊಡ್ಡ ನೀರನ್ನು ಮಗ ಬೆಳಿಗ್ಗೆ ತುಂಬಿಸಿಡುವುದು ಅಂತ ಆಯಿತು.

ಮೆಟ್ಟಿಲು

ಮನೆಯ ತಾರಸಿಗೆ 15 ಮೆಟ್ಟಿಲು, ಒಂದೊಂದೂ 18 ಸೆಂ.ಮೀ. ಸಂಡಿಗೆ, ಮೆಣಸಿನಕಾಯಿ ಒಣಗಿಸುವ ಜಾಗ. ಒಂದು ಸಲ ಹತ್ತಿದರೆ 60 ಕೆಜಿ ಮೈ 2.7 ಮೀಟರ್ ಮೇಲೆ ಹೋಗುತ್ತದೆ. ಕೆಲಸ ಸುಮಾರು 1,600 ಜೂಲ್. ಸ್ನಾಯುಗಳು ತಿಂದ ಶಕ್ತಿಯ ಕಾಲುಭಾಗವನ್ನಷ್ಟೇ ಕೆಲಸಕ್ಕೆ ತಿರುಗಿಸುತ್ತವೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗೆ ಹಿಡಿದರೂ ಒಂದೂವರೆ ಕ್ಯಾಲರಿ. ಒಂದು ಚಮಚ ಸಕ್ಕರೆಯಲ್ಲಿ ಸುಮಾರು 16 ಕ್ಯಾಲರಿ ಇರುತ್ತದೆ, ಹತ್ತು ಸಲ ತಾರಸಿ ಹತ್ತಬಹುದು.

ಅಂದರೆ ಅಮ್ಮನಿಗೆ ಶಕ್ತಿ ಸಾಲದೆ ಕಷ್ಟವಾಗುತ್ತಿರಲಿಲ್ಲ. "ಚೆನ್ನಾಗಿ ತಿನ್ನಲ್ಲ, ಅದಕ್ಕೇ ಹತ್ತಕ್ಕಾಗಲ್ಲ" ಅಂತ ಸೊಸೆ ಚಿಂತಿಸುತ್ತಿದ್ದಳು. ತೊಂದರೆ ಕೀಲಿನ ಮೇಲೆ ಬೀಳುವ ಹೊರೆಯದ್ದು. ಅದೂ ಒಂದೇ ಜಾಗದಲ್ಲಿ, ಬಲ ಕೀಲಿನಲ್ಲಿ. ಇನ್ನೊಂದು ಮಾತು. ಒಂಟಿಕಾಲಲ್ಲಿ ಅಲುಗದೆ ನಿಂತಾಗ ಭೌತಶಾಸ್ತ್ರದ ಲೆಕ್ಕದಲ್ಲಿ ಆ ಸ್ನಾಯು ಮಾಡುವ ಕೆಲಸ ಸೊನ್ನೆ, ಯಾಕೆಂದರೆ ಏನೂ ಸರಿಯಲಿಲ್ಲ. ಆದರೆ 100 ಕೆಜಿ ಎಳೆತವನ್ನು ಹಿಡಿದಿಡಲು ಅದು ಶಕ್ತಿ ಸುಡುತ್ತಲೇ ಇರುತ್ತದೆ. ಸುಮ್ಮನೆ ನಿಂತು ರೊಟ್ಟಿ ತಟ್ಟಿದರೂ ಸುಸ್ತು ಅಂತ ಅಮ್ಮ ಹೇಳುತ್ತಿದ್ದದ್ದು ನಿಜವೇ. ನೋವಿನ ಭಯಕ್ಕೆ ಅವರು ಎಡಗಾಲ ಮೇಲೊಂದೇ ನಿಂತು ತಟ್ಟುತ್ತಿದ್ದರು.

ಮೆಟ್ಟಿಲಿಗೆ ನಾವು ಹೇಳಿಕೊಡುವ ನಿಯಮ ಹೀಗೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲೂ ಕೋಲೂ ಮೊದಲು. ಅಮ್ಮ ಒಂದು ವಾರ ತಿರುಗುಮುರುಗು ಮಾಡಿಕೊಂಡರು. ಕಾರಣ ಹೇಳಿದ ಮೇಲೆ ಮರೆಯಲಿಲ್ಲ. ಹತ್ತಿದರೂ ಇಳಿದರೂ ದುಡಿಯುವುದು ಮೇಲಿನ ಮೆಟ್ಟಿಲಲ್ಲಿರುವ ಕಾಲು. ಹತ್ತುವಾಗ ಅದು ಮೈಯನ್ನು ಎತ್ತುತ್ತದೆ. ಇಳಿಯುವಾಗ ಮೈ ಧಡ್ಡನೆ ಬೀಳದ ಹಾಗೆ ಬ್ರೇಕ್ ಹಾಕುತ್ತದೆ. ಹಾಗಾಗಿ ಮೇಲಿನ ಮೆಟ್ಟಿಲಲ್ಲಿ ಯಾವಾಗಲೂ ಎಡಗಾಲು ಇರಬೇಕು. "ಮೇಲಿರೋನಿಗೆ ಕೆಲ್ಸ ಜಾಸ್ತಿ" ಅಂತ ಅಮ್ಮ ನೆನಪಿಟ್ಟುಕೊಂಡರು.

ಕೂತು ಏಳುವುದಕ್ಕೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇನ್ನೊಂದು ಕುರ್ಚಿ ಪೇರಿಸಿ ಎತ್ತರ ಮಾಡಿದೆವು. ಈಳಿಗೆಮಣೆ ಬಿಟ್ಟು ಮೇಜಿನ ಮೇಲೆ ಚಾಕು. ಇದನ್ನು ಅವರು ಇವತ್ತಿಗೂ ಒಪ್ಪಿಲ್ಲ, ಹುರುಳಿಕಾಯಿ ಚಾಕುವಿನಲ್ಲಿ ಸಣ್ಣಗೆ ಬರಲ್ಲ ಅಂತಾರೆ.

ಯಜಮಾನರ ಕೋಲು

ಕೈ ಬದಲಾಯಿಸಿದ ತಕ್ಷಣ ಎಲ್ಲ ಸರಿಹೋಗಲಿಲ್ಲ. ಅಮ್ಮ ಎಡಗೈಗೆ ಕೋಲು ಹಿಡಿದರು, ಆದರೆ ಎಡಗಾಲಿನ ಜೊತೆ ಮುಂದಿಟ್ಟರು. ಹಾಗಾದರೆ ಬಲಗಾಲು ಭಾರ ಹೊರುವ ಹೊತ್ತಿಗೆ ಕೋಲು ಗಾಳಿಯಲ್ಲಿರುತ್ತದೆ, ಏನೂ ಪ್ರಯೋಜನ ಇಲ್ಲ. ಕೋಲನ್ನು ಪಕ್ಕಕ್ಕಿಟ್ಟು, ಬರೀ ಕೈಯಲ್ಲಿ ನಡೆಯಿರಿ ಅಂದೆ. ಬಲಗಾಲು ಮುಂದೆ ಹೋದಾಗ ಎಡಗೈ ತಾನಾಗಿ ಮುಂದೆ ಬೀಸಿತು. "ನೋಡಿ, ನಿಮ್ಮ ಕೈಗೆ ಮೊದಲೇ ಗೊತ್ತು. ಆ ಕೈಗೆ ಕೋಲು ಸೇರಿಸಿ ಅಷ್ಟೇ." ಅಂಗಳದಲ್ಲಿ ಮೂರು ದಿನ ಅಭ್ಯಾಸ ಬೇಕಾಯಿತು.

ಆಮೇಲೆ ಉದ್ದದ ಸಮಸ್ಯೆ. ಆ ಕೋಲು ಯಜಮಾನರದ್ದು. ಅವರು ಎತ್ತರದ ಆಳು. ಅಮ್ಮ ಹಿಡಿದರೆ ಭುಜ ಕಿವಿಯ ಹತ್ತಿರ ಹೋಗುತ್ತಿತ್ತು, ಮೊಣಕೈ ಪೂರ್ತಿ ಮಡಚುತ್ತಿತ್ತು. ಹಾಗೆ ಮಡಚಿದ ಕೈಯಿಂದ ಕೆಳಕ್ಕೆ ಒತ್ತಲು ಆಗುವುದಿಲ್ಲ. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರಬೇಕು. ಅಳೆದು ನೋಡಿದೆ, 9 ಸೆಂ.ಮೀ. ಜಾಸ್ತಿ ಇತ್ತು. "ಇಷ್ಟು ಕೊಯ್ಯಿಸಿದರೆ ಸರಿಹೋಗುತ್ತೆ" ಅಂದೆ.

ಅಮ್ಮ ಮಾತಾಡಲಿಲ್ಲ. ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. "ಬ್ಯಾಡ ಕಣಮ್ಮ. ಅದು ಅವರ ಅಳತೇದು. ಹಂಗೇ ಇರ್ಲಿ."

ನಾನು ಅವಸರ ಮಾಡಿದ್ದೆ ಅಂತ ಆಗ ಗೊತ್ತಾಯಿತು. ಮರುದಿನ ಮಗ ಪೇಟೆಯಿಂದ ಅಲ್ಯೂಮಿನಿಯಂ ಕೋಲು ತಂದ, ಗುಂಡಿ ಒತ್ತಿ ಉದ್ದ ಬದಲಾಯಿಸುವಂಥದ್ದು, ತುದಿಗೆ ರಬ್ಬರ್ ಬುಷ್. ಯಜಮಾನರ ಕೋಲು ಬಾಗಿಲ ಹಿಂದೆ ಮೊಳೆಗೆ ಹೋಯಿತು.

ಎಷ್ಟು ಒತ್ತಬೇಕು ಅನ್ನುವುದು ಉಳಿದಿತ್ತು. ಕೆಲವರು ಕೋಲನ್ನು ಸುಮ್ಮನೆ ನೆಲಕ್ಕೆ ಮುಟ್ಟಿಸುತ್ತಾರೆ. ಕೆಲವರು ಜೋತುಬಿದ್ದು ಮಣಿಕಟ್ಟು ನೋಯಿಸಿಕೊಳ್ಳುತ್ತಾರೆ. ನಾನು ಮನೆಯ ತೂಕದ ಯಂತ್ರವನ್ನು ನೆಲಕ್ಕಿಟ್ಟು, ಅದರ ಮೇಲೆ ಕೋಲು ಊರಿಸಿ, ಮುಳ್ಳು 5ಕ್ಕೆ ಬರುವ ಹಾಗೆ ಒತ್ತಿಸಿದೆ. ಮೊಮ್ಮಗ ಪಕ್ಕದಲ್ಲಿ ಕೂತು ಅಂಕಿ ಓದಿದ. ಮೂರು, ಏಳು, ನಾಲ್ಕು, ಐದು, ಐದು. ಹದಿನೈದು ಸಲ ಮಾಡಿದ ಮೇಲೆ ಯಂತ್ರ ತೆಗೆದರೂ ಕೈಗೆ ಅಂದಾಜು ಕೂತಿತ್ತು.

ಸ್ನಾಯುವಿಗೂ ಕೆಲಸ ಕೊಟ್ಟೆ. ಎಡಮಗ್ಗುಲಿಗೆ ಮಲಗಿ ಬಲಗಾಲನ್ನು ನೋಯದಷ್ಟು ಮೇಲೆತ್ತುವುದು, ಐದು ಎಣಿಸಿ ಇಳಿಸುವುದು. ದಿನಕ್ಕೆ ಎರಡು ಹೊತ್ತು, ಹತ್ತು ಹತ್ತು ಸಲ. ತೂಕ ಸ್ವಲ್ಪ ಇಳಿಸಿದರೆ ಒಳ್ಳೆಯದು ಅಂತಲೂ ಹೇಳಿದೆ. ಮೈಯಲ್ಲಿ 1 ಕೆಜಿ ಇಳಿದರೆ ಕೀಲಿಗೆ ಎರಡೂವರೆ ಕೆಜಿ ಇಳಿದ ಹಾಗೆ. ಮೂರು ತಿಂಗಳಲ್ಲಿ 2 ಕೆಜಿ ಇಳಿದರು.

ಮೂರು ತಿಂಗಳ ಕೊನೆಗೆ ನೋವು, ಸೊನ್ನೆಯಿಂದ ಹತ್ತರ ಅಳತೆಯಲ್ಲಿ, 7ರಿಂದ 4ಕ್ಕೆ ಬಂದಿತ್ತು. ಮೊದಲು 100 ಮೀಟರಿಗೆ ಒಂದು ಸಲ ಕೂರುತ್ತಿದ್ದವರು 400 ಮೀಟರ್ ದೂರದ ಡೇರಿಗೆ ಕೂರದೆ ಹೋಗಿ ಬರುತ್ತಾರೆ. ರಾತ್ರಿ ಮಗ್ಗುಲು ಬದಲಾಯಿಸುವಾಗ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ. ಕೀಲಿನ ಸವೆತ ಹಾಗೇ ಇದೆ, ಕೋಲು ಅದನ್ನು ತುಂಬಿಕೊಡುವುದಿಲ್ಲ. ಕೀಲು ಬದಲಾವಣೆಯ ಮಾತು ಮುಂದಿನ ಬೇಸಿಗೆಗೆ ನಿಂತಿದೆ. ಬಲಗಾಲ ಮೇಲೆ ಒಂಟಿಯಾಗಿ ನಿಲ್ಲಿಸಿದರೆ ಎಡ ಸೊಂಟ ಈಗಲೂ ಜಾರುತ್ತದೆ, ಆದರೆ ಎಂಟು ಎಣಿಸುವವರೆಗೆ ತಡೆದು ಆಮೇಲೆ ಜಾರುತ್ತದೆ.

ಒಂದೇ ಒಂದಕ್ಕೆ ಅವರು ಬಗ್ಗಲಿಲ್ಲ. ಮದುವೆ ಮನೆಗೆ ಕೋಲು ತರುವುದಿಲ್ಲ ಅಂದರು. "ನಾಲ್ಕು ಜನರ ಮುಂದೆ ಕೋಲೂರ್ಕೊಂಡು ಹೋಗ್ಲಾ?" ನಾನು ಈ ಸಲ ವಾದ ಮಾಡಲಿಲ್ಲ. ಅವರ ಹತ್ತಿರ ಬಾಗಿದ ಹಿಡಿಯ ಉದ್ದ ಛತ್ರಿ ಒಂದಿತ್ತು. ಅಳೆದೆ, ಒಂದು ಸೆಂ.ಮೀ. ಹೆಚ್ಚುಕಮ್ಮಿ ಮಣಿಕಟ್ಟಿಗೇ ಬಂತು. 5 ಕೆಜಿ ತಾನೇ, ಛತ್ರಿಯ ಕಂಬಿ ತಡೆಯುತ್ತದೆ. ತೂಕದ ಯಂತ್ರದ ಮೇಲೆ ಊರಿಸಿ ನೋಡಿದೆವು, ತಡೆಯಿತು. ತುದಿಯ ಕಬ್ಬಿಣಕ್ಕೆ ಹೊಂದುವ ಸಣ್ಣ ರಬ್ಬರ್ ಬುಷ್ಷನ್ನು ಮೊಮ್ಮಗ ಸೈಕಲ್ ಅಂಗಡಿಯಿಂದ ಹುಡುಕಿ ತಂದ. ಹೋದ ವಾರ ಕಲ್ಯಾಣ ಮಂಟಪದ ನುಣುಪು ಗ್ರಾನೈಟ್ ಮೇಲೆ ಮಳೆಯಿಲ್ಲದ ಮಧ್ಯಾಹ್ನ ಎಡಗೈಯಲ್ಲಿ ಛತ್ರಿ ಊರಿಕೊಂಡು, ಬಲಗೈಯಲ್ಲಿ ತಾಂಬೂಲದ ಚೀಲ ಹಿಡಿದು ಬಂದರಂತೆ. ಚೀಲ ಯಾವ ಕೈಯಲ್ಲಿತ್ತು ಅನ್ನುವುದನ್ನು ಫೋನಿನಲ್ಲಿ ಅವರೇ ಒತ್ತಿ ಹೇಳಿದರು.